ಸ್ವರಲಿಪಿಯಲ್ಲಿ ಇಲ್ಲದ ಪೆಟ್ಟು

ಮೊದಲ ಸಲ ಆ ಸಭಾಂಗಣದಲ್ಲಿ ನನ್ನನ್ನು ಬೆಚ್ಚಿಬೀಳಿಸಿದ್ದು ಸಂಗೀತವಲ್ಲ, ಕೆಮ್ಮು.

ವಾದ್ಯವೃಂದದವರು ಕೃತಿಯ ಮೊದಲ ಭಾಗ ಮುಗಿಸಿ ಪಿಟೀಲಿನ ಕಮಾನುಗಳನ್ನು ಕೆಳಗಿಳಿಸಿದ್ದರು. ಇನ್ನು ಚಪ್ಪಾಳೆ ಬೀಳುತ್ತದೆ ಎಂದು ನಾನು ಕೈ ಎತ್ತಿದೆ. ಯಾರೂ ತಟ್ಟಲಿಲ್ಲ. ಅದರ ಬದಲು ಇಡೀ ಸಭೆ ಒಟ್ಟಿಗೆ ಕೆಮ್ಮಿತು. ಮುಂದಿನ ಸಾಲಿನಿಂದ ಶುರುವಾಗಿ ಬಾಲ್ಕನಿಯವರೆಗೆ ಗಂಡಸರು, ಹೆಂಗಸರು, ಗಂಟಲು ಸರಿಮಾಡಿಕೊಂಡವರು, ಕರವಸ್ತ್ರದಲ್ಲಿ ಮುಖ ಹುದುಗಿಸಿದವರು, ಎಲ್ಲರೂ. ಆಮೇಲೆ ಯಾರೋ ನಲ್ಲಿ ತಿರುಗಿಸಿದ ಹಾಗೆ ಕೆಮ್ಮು ನಿಂತಿತು. ಎರಡನೆಯ ಭಾಗ ಶುರುವಾಯಿತು. ಅಂದರೆ ಅಷ್ಟೂ ಹೊತ್ತು ಇವರು ಕೆಮ್ಮನ್ನು ಎದೆಯಲ್ಲಿ ಹಿಡಿದುಕೊಂಡೇ ಕೂತಿದ್ದರು! ನಮ್ಮ ಕಡೆ ತಾಳಿ ಕಟ್ಟುವ ಹೊತ್ತಿನಲ್ಲೂ ಯಾರೂ ಹೀಗೆ ಉಸಿರು ಬಿಗಿಹಿಡಿಯುವುದಿಲ್ಲ.

ಇದು ಜರ್ಮನಿಯ ಪೂರ್ವ ಭಾಗದ ಒಂದು ಊರು. ಹೆಸರು ಬರೆಯುವುದಿಲ್ಲ, ಇಲ್ಲಿ ನನ್ನ ಜೊತೆ ಕೆಲಸ ಮಾಡುವವರನ್ನು ಅವರನ್ನು ಕೇಳದೆ ಪತ್ರಿಕೆಗೆ ಎಳೆಯುವುದು ನನಗೆ ಇಷ್ಟವಿಲ್ಲ; ಮುಂದೆ ಬರುವ ಅವರ ಹೆಸರುಗಳನ್ನೂ ಬದಲಿಸಿದ್ದೇನೆ. ಶಿಕಾರಿಪುರ ಪೇಟೆಗಿಂತ ದೊಡ್ಡದು, ಶಿವಮೊಗ್ಗಕ್ಕಿಂತ ಚಿಕ್ಕದು ಅಂದುಕೊಳ್ಳಿ. ನಡುವೆ ಇದ್ದ ಗೋಡೆ ಬಿದ್ದು ಎರಡು ಜರ್ಮನಿಗಳು ಒಂದಾಗಿ ಕೆಲವು ವರ್ಷಗಳಾಗಿವೆ. ಇಲ್ಲಿಯ ಬಟ್ಟೆ ಗಿರಣಿಗಳು ಮುಚ್ಚಿವೆ. ನಮ್ಮ ಪೇಟೆಯ ಗಾತ್ರದ ಊರಿನಲ್ಲಿ ಬಸ್ ನಿಲ್ದಾಣ, ಸಂತೆ ಮೈದಾನ, ಒಂದು ಸಿನಿಮಾ ಟಾಕೀಸು ಇರುತ್ತವೆ. ಇಲ್ಲಿ ಇವುಗಳ ಜೊತೆಗೆ ಒಂದು ವಾದ್ಯವೃಂದವೂ ಇದೆ. ಅದರಲ್ಲಿ ನುಡಿಸುವವರಿಗೆ ನಗರಪಾಲಿಕೆ ತಿಂಗಳ ಸಂಬಳ ಕೊಡುತ್ತದೆ. ಬೀದಿ ದೀಪಕ್ಕೆ, ನೀರಿನ ಕೊಳವೆಗೆ ಕೊಡುವ ಹಾಗೆಯೇ.

ನಾನು ಇಲ್ಲಿಗೆ ಯಾಕೆ ಬಂದೆ ಎಂದು ಊರಿನಲ್ಲಿ ಹಲವು ಬಗೆಯ ಕಥೆಗಳಿವೆಯಂತೆ. ಓದಲು ಬಂದೆ, ಅಷ್ಟೇ. ಧಾರವಾಡದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿದ ಮೇಲೆ ಧ್ವನಿಮುದ್ರಣ ಕಲಿಯಲು ಒಂದು ವಿದ್ಯಾರ್ಥಿವೇತನ ಸಿಕ್ಕಿತು. ಕಲಿಯುತ್ತಲೇ ಇಲ್ಲಿಯ ಪ್ರಾದೇಶಿಕ ರೇಡಿಯೋದಲ್ಲಿ ಅರೆಕಾಲಿಕ ಕೆಲಸವೂ ಸಿಕ್ಕಿತು. ಕಛೇರಿಗಳನ್ನು ರೇಡಿಯೋ ನೇರವಾಗಿ ಪ್ರಸಾರ ಮಾಡುವಾಗ ನಾನು ಸಭಾಂಗಣದ ಹಿಂದಿನ, ಗಾಜಿನ ಕಿಟಕಿಯಿಂದ ವೇದಿಕೆ ಕಾಣುವ ಸಣ್ಣ ಕೋಣೆಯಲ್ಲಿ ಸ್ವರಲಿಪಿಯನ್ನು ಹಾಳೆ ಹಾಳೆಯಾಗಿ ನೋಡುತ್ತಾ ಕೂರುತ್ತೇನೆ. ಪಕ್ಕದಲ್ಲಿ ತಂತ್ರಜ್ಞ ಧ್ವನಿ ಏರಿಸುವ ಇಳಿಸುವ ಹಿಡಿಯ ಮೇಲೆ ಬೆರಳಿಟ್ಟಿರುತ್ತಾನೆ. ನೂರು ಜನ ಸೇರಿ ನುಡಿಸುವ ಅಬ್ಬರವನ್ನು ರೇಡಿಯೋ ತಡೆಯಲಾರದು. ಅವರ ಪಿಸುಮಾತನ್ನು ಅಡುಗೆಮನೆಯಲ್ಲಿ ಕೂತ ಕೇಳುಗ ಹಿಡಿಯಲಾರ. ಆದ್ದರಿಂದ ಜೋರು ಬರುವ ಮೊದಲೇ "ಈಗ ನಗಾರಿ" ಎಂದೋ, ಮೆಲುದನಿ ಬರುವ ಮೊದಲು "ಈಗ ಕೊಳಲು ಒಂದೇ" ಎಂದೋ ನಾನು ಹೇಳಬೇಕು. ಸಂಗೀತಕ್ಕಿಂತ ಒಂದು ಉಸಿರು ಮುಂದೆ ಇರುವುದೇ ನನ್ನ ಕೆಲಸ.

ಇದನ್ನು ಅವ್ವನಿಗೆ ವಿವರಿಸಲು ನಾನು ಸೋತಿದ್ದೇನೆ. ನಮ್ಮ ಕಡೆ ಆರ್ಕೆಸ್ಟ್ರಾ ಎಂದರೆ ಗಣಪತಿ ಪೆಂಡಾಲಿನ ಮುಂದೆ ಮಿಣುಗುವ ಅಂಗಿ ತೊಟ್ಟು ಸಿನಿಮಾ ಹಾಡು ಹೇಳುವ ತಂಡ. ಅವ್ವ ಸೊರಬ ತಾಲೂಕಿನ ಕುಪ್ಪಗಡ್ಡೆಯವಳು, ಮಾತಿನಲ್ಲಿ ಬಿಗಿ. ಶಿಕಾರಿಪುರದ ಎಸ್‌ಟಿಡಿ ಬೂತಿಗೆ ಬಂದು ಫೋನಿನಲ್ಲಿ ಹೇಳಿದಳು:

"ನೋಡೇ ರೇಣುಕಾ, ಓದಕ್ಕೆ ಅಂತ ಹೋದೋಳು ನೀನು. ಆರ್ಕೆಸ್ಟ್ರಾದಾಗೆ ಇದೀನಿ ಅಂತ ಯಾರ ಹತ್ರಾನೂ ಬಾಯಿ ಬಿಡಬ್ಯಾಡ."

"ನಾನು ಹಾಡಲ್ಲವ್ವ. ಯಂತ್ರದ ಕೋಣೆಯಾಗೆ ಕೂರ್ತೀನಿ."

"ಯಂತ್ರ ಅಂತಲೇ ಹೇಳು ಹಂಗಾರೆ. ಯಂತ್ರ ಅಂದ್ರೆ ಮರ್ಯಾದೆ ಐತೆ."

ಅಂದಿನಿಂದ ನಾನು ನಮ್ಮೂರಿನ ಲೆಕ್ಕದಲ್ಲಿ ಯಂತ್ರದ ಕೆಲಸದವಳು.

ಇಲ್ಲಿ ಮನೆ ಸಿಗುವುದು ಕಷ್ಟವಾಯಿತು. ಎರಡು ಕಡೆ ಬಾಗಿಲು ತೆರೆದವರು ನನ್ನನ್ನು ನೋಡಿದ ಮೇಲೆ ಕೋಣೆ ಆಗಲೇ ಹೋಯಿತು ಎಂದರು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಆ ಸುಳ್ಳಿಗೆ ಯಾವ ಭಾಷೆಯಲ್ಲೂ ಅನುವಾದ ಬೇಕಿರಲಿಲ್ಲ. ಕೊನೆಗೆ ಕೋಣೆ ಕೊಟ್ಟವರು ಫ್ರಾವ್ ಬ್ರಾಂಟ್. ಫ್ರಾವ್ ಎಂದರೆ ಹೆಂಗಸರ ಹೆಸರಿನ ಮುಂದೆ ಇಡುವ ಗೌರವದ ಮಾತು. ಅವರು ಅದೇ ವಾದ್ಯವೃಂದದಲ್ಲಿ ವಿಯೋಲಾ ನುಡಿಸುತ್ತಾರೆ. ನೋಡಲು ಪಿಟೀಲಿನ ಅಕ್ಕನಂತಿದ್ದು ತಗ್ಗಿದ ದನಿಯಲ್ಲಿ ಮಾತಾಡುವ ವಾದ್ಯ ಅದು. ಐವತ್ತು ದಾಟಿದ, ಒಂಟಿಯಾಗಿ ಬದುಕುವ, ನಗುವಾಗಲೂ ತುಟಿ ಬಿಗಿಹಿಡಿಯುವ ಹೆಂಗಸು. ನನ್ನ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ: "ನೀವು ಹಾಡು ಗುನುಗುತ್ತೀರಾ?" ಇಲ್ಲ ಎಂದೆ. ಬೀಗದ ಕೈ ಕೊಟ್ಟರು.

ಭಾಷೆಯಲ್ಲಿ ನಾನು ಮೊದಲು ಕಲಿತ ಪದ ರೂಹೆ. ಮೌನ, ನೆಮ್ಮದಿ, ಗಲಾಟೆ ಮಾಡಬೇಡ, ಮೂರಕ್ಕೂ ಅದೇ ಪದ. ಮಧ್ಯಾಹ್ನ ಊಟದ ನಂತರ ಸ್ವಲ್ಪ ಹೊತ್ತು ರೂಹೆ, ಭಾನುವಾರ ಇಡೀ ದಿನ ರೂಹೆ. ಆ ಹೊತ್ತಿನಲ್ಲಿ ಮೊಳೆ ಹೊಡೆಯುವಂತಿಲ್ಲ, ಬಟ್ಟೆ ಒಗೆಯುವ ಯಂತ್ರ ಓಡಿಸುವಂತಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಆದರೆ ರೊಟ್ಟಿ ತಟ್ಟುವುದು ಸದ್ದಿನ ಲೆಕ್ಕಕ್ಕೆ ಬರುತ್ತದೆ ಎಂದು ಹೊಳೆದಿರಲೇ ಇಲ್ಲ. ಬ್ರೆಡ್ಡು ತಿಂದು ತಿಂದು ಬೇಸತ್ತ ಒಂದು ಭಾನುವಾರ ಇಲ್ಲಿಯ ಕಪ್ಪು ಧಾನ್ಯದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ ಹಲಗೆಯ ಮೇಲೆ ತಟ್ಟತೊಡಗಿದೆ. ಜೋಳದ ಹಿಟ್ಟಿನಷ್ಟು ಅಂಟಲಿಲ್ಲ, ಅಂಚು ಸೀಳುತ್ತಿತ್ತು. ಆದರೂ ಕೈಗೆ ಹಳೆಯ ಲಯ ನೆನಪಿತ್ತು. ಎರಡನೆಯ ರೊಟ್ಟಿಗೆ ಕೆಳಗಿನ ಮನೆಯ ಗಂಡಸು ಮೇಲೆ ಬಂದು ಬಾಗಿಲು ಬಡಿದ. ಭಾನುವಾರ ಮಧ್ಯಾಹ್ನ ಯಾರು ಬಡಗಿ ಕೆಲಸ ಮಾಡುತ್ತಿದ್ದಾರೆ ಎಂದು ಅವನಿಗೆ ತಿಳಿಯಬೇಕಿತ್ತು.

ಫ್ರಾವ್ ಬ್ರಾಂಟ್ ಬಾಗಿಲಲ್ಲೇ ನಿಂತು ಹೇಳಿದರು: "ಬಡಗಿ ಅಲ್ಲ. ಊಟ. ನಿಮ್ಮ ಹೆಂಡತಿ ಮಾಂಸ ಜಜ್ಜುವಾಗ ನಾನು ಮೂವತ್ತು ವರ್ಷದಿಂದ ಕೇಳಿಸಿಕೊಂಡಿದ್ದೇನೆ. ಅವರಿಗೆ ತಾಳ ಇಲ್ಲ. ಇವಳಿಗೆ ಇದೆ."

ಅವನು ಇಳಿದು ಹೋದ. ಅವರು ಅಡುಗೆಮನೆಗೆ ಬಂದು, "ಈಗ ನಿಲ್ಲಿಸಬೇಡಿ, ಸೋತ ಹಾಗಾಗುತ್ತದೆ" ಎಂದರು. ನಾನು ಉಳಿದ ಹಿಟ್ಟನ್ನೂ ತಟ್ಟಿದೆ. ಪರದೇಶದಲ್ಲಿ ನನ್ನ ಮೊದಲ ಗೆಲುವು ಅದು, ಅಂಚು ಸೀಳಿದ ರೊಟ್ಟಿ.

ಒಂಟಿತನ ಇಲ್ಲವೇ ಎಂದು ಕೇಳುವವರಿಗೆ: ಇದೆ. ಚಳಿಗಾಲದಲ್ಲಿ ಸಂಜೆಯೇ ಇಲ್ಲ, ಮಧ್ಯಾಹ್ನದಿಂದ ನೇರ ಕತ್ತಲೆಗೆ ಬೀಳುತ್ತೇವೆ. ಕುರಿ ಹಿಂಡು ಮನೆಗೆ ಮರಳುವ ಹೊತ್ತು ಎಂಬುದೊಂದು ಹೊತ್ತು ಇತ್ತಲ್ಲ, ಅದು ಇಲ್ಲಿ ದಿನದಿಂದಲೇ ಕಳೆದುಹೋಗಿದೆ. ಅದನ್ನು ಹೇಳಿ ಅಳುವ ಸ್ವಭಾವ ನನ್ನದಲ್ಲ.

ನಾನು ಬಂದ ಮರುವರ್ಷ, ವಾದ್ಯವೃಂದವನ್ನು ಮುಚ್ಚುವ ಮಾತು ಎದ್ದಿತು. ಗಿರಣಿಗಳಿಲ್ಲದ ಊರಿಗೆ ತೆರಿಗೆಯೂ ಇಲ್ಲ. ಈಜುಕೊಳ ಮುಚ್ಚಿಯಾಗಿತ್ತು. ಮುಂದಿನದು ಪಿಟೀಲು ಎಂದು ಪಾಲಿಕೆಯಲ್ಲಿ ಕೆಲವರು ಹೇಳಿದರು. ಬೇಕಾದರೆ ಪಕ್ಕದ ಊರಿನ ವಾದ್ಯವೃಂದ ಆಗೀಗ ಬಂದು ನುಡಿಸಿ ಹೋಗಲಿ ಎಂಬುದು ಅವರ ವಾದ. ವಸಂತದ ಕೊನೆಗೆ ಮತಕ್ಕೆ ಹಾಕುವುದೆಂದು ತೀರ್ಮಾನವಾಯಿತು. ಫ್ರಾವ್ ಬ್ರಾಂಟ್ ಇಪ್ಪತ್ತರ ಹರೆಯದಿಂದ ಕೂತ ಕುರ್ಚಿ ಅದು. ಐವತ್ತು ದಾಟಿದ ಮೇಲೆ ಬೇರೆ ವಾದ್ಯವೃಂದ ಯಾರನ್ನೂ ಕರೆಯುವುದಿಲ್ಲ. ಅವರು ದಿನವೂ ಅಭ್ಯಾಸ ಮಾಡುವ ಹೊತ್ತು ಹೆಚ್ಚಾಯಿತು.

ಆಗ ಶುರುವಾಯಿತು ನನಗೆ ಎದುರಾದ ಪ್ರಶ್ನೆ. ಬ್ರೆಡ್ಡಿನ ಅಂಗಡಿಯಲ್ಲಿ, ಟ್ರಾಮಿನಲ್ಲಿ, ಕಾಲೇಜಿನಲ್ಲಿ ಒಳ್ಳೆಯ ಜನ, ನಿಜವಾಗಿಯೂ ಒಳ್ಳೆಯ ಜನ, ನನ್ನ ಕಡೆ ತಿರುಗಿ ಕೇಳುತ್ತಿದ್ದರು: "ನೀವು ಭಾರತದವರು. ಅಲ್ಲಿ ಅಷ್ಟು ಬಡತನ. ಇಷ್ಟು ಹಣವನ್ನು ಸಂಗೀತಕ್ಕೆ ಸುರಿಯುವುದು ನಿಮಗೆ ಹೇಗೆ ಕಾಣುತ್ತದೆ?" ಅವರಿಗೆ ಬೇಕಿದ್ದದ್ದು ನನ್ನ ಉತ್ತರವಲ್ಲ, ನನ್ನ ಮುಖ. ಅದನ್ನು ತಕ್ಕಡಿಯ ಒಂದು ಬದಿಗೆ ಇಡುವುದು ಅವರ ಉದ್ದೇಶ. ಇತ್ತ ಊರಿನಿಂದ ಬಂದದ್ದೂ ಅದೇ ಪ್ರಶ್ನೆ, ತಿರುಗಿಸಿ ಹಾಕಿದ ಅಂಗಿಯ ಹಾಗೆ. ಕುಪ್ಪಗಡ್ಡೆಯ ನನ್ನ ಸೋದರಮಾವ, ಅವ್ವನ ತಮ್ಮ, ನಾನು ಹೊರಡುವ ದಿನವೇ ನಕ್ಕಿದ್ದ: "ಹೊಟ್ಟೆ ತುಂಬಿದೋರ ಚಟ ಮಾರಾಯ್ತಿ ಅದೆಲ್ಲ. ನಮಗ್ಯಾಕೆ?" ಎರಡೂ ಕಡೆಯವರು ಒಂದು ವಿಷಯದಲ್ಲಿ ಒಪ್ಪಿದ್ದರು: ಹಸಿದವರಿಗೆ ಸಂಗೀತ ಬೇಡ. ಎರಡೂ ಕಡೆಯವರ ಮೇಲೂ ನನಗೆ ಸಿಟ್ಟು ಬಂತು, ಯಾಕೆಂದರೆ ನಾನು ಬಂದದ್ದು ಡೊಳ್ಳಿನ ಮನೆಯಿಂದ.

ನಮ್ಮೂರು ಅಂಬ್ಲಿಗೊಳದ ಹತ್ತಿರ. ಹೊರಗಿನವರಿಗೆ ನಾವು ಅಂಬ್ಲಿಗೊಳ ಎಂದೇ ಹೇಳುತ್ತೇವೆ. ಮನೆಯವರದು ಬೇಸಾಯ, ಕುರಿ. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಊರಿನ ಡೊಳ್ಳಿನ ಮೇಳದ ಮುಂದಾಳು. ಒಂದು ಸಂಜೆ ಅಡುಗೆಮನೆಯಲ್ಲಿ ಫ್ರಾವ್ ಬ್ರಾಂಟ್‌ಗೆ ಇದನ್ನು ಹೇಳಿದೆ. ದೀವಳಿಗೆಯ ಹೊತ್ತಿಗೆ ಮೇಳ ಊರಿನ ಕಟ್ಟೆಯ ಮುಂದೆ ಸೇರುತ್ತದೆ. ಬೆಂಕಿ ಹಾಕಿ ಡೊಳ್ಳಿನ ತೊಗಲು ಕಾಯಿಸುತ್ತಾರೆ. ಬಾರಿಸುವ ಮೊದಲು ಕೂಗುವವನೊಬ್ಬ ಎದ್ದು ನಿಲ್ಲುತ್ತಾನೆ. ಮೇಳಕ್ಕೆ ಯಾರು ಏನು ಕೊಟ್ಟರು ಎಂದು ಊರಿನ ಹೆಸರು, ಮನೆಯ ಹೆಸರು ಸೇರಿಸಿ ಗಟ್ಟಿಯಾಗಿ ಕೂಗುತ್ತಾನೆ. ಇಂಥ ಊರಿನ ಇಂಥವರ ಮನೆಯಿಂದ ಒಂದು ಚೀಲ ಭತ್ತ. ಇಂಥವರ ಮನೆಯಿಂದ ಡೊಳ್ಳಿಗೆ ತೊಗಲು. ಕೊಡಲು ಏನೂ ಇಲ್ಲದವರು ಬೆಂಕಿಗೆ ಒಂದು ಹೊರೆ ಸೌದೆ ತಂದಿರುತ್ತಾರೆ. ಆ ಹೆಸರನ್ನೂ ಕೂಗಬೇಕು. ಪ್ರತಿ ಹೆಸರಿಗೂ ದೊಡ್ಡಪ್ಪ ಡೊಳ್ಳಿನ ಮೇಲೆ ಒಂದು ಪೆಟ್ಟು ಹಾಕುತ್ತಾನೆ. ಚೀಲಕ್ಕೂ ಒಂದೇ ಪೆಟ್ಟು, ಹೊರೆಗೂ ಒಂದೇ ಪೆಟ್ಟು, ಎರಡೂ ಒಂದೇ ಜೋರು. ಚಿಕ್ಕವಳಿದ್ದಾಗ ನಾನು ಅದನ್ನು ಕೇಳಿದ್ದೆ: ಸೌದೆಗೆ ಯಾಕೆ ಮೆಲ್ಲಗೆ ಹೊಡೆಯುವುದಿಲ್ಲ?

"ಚೀಲ ಯಾರು ತಂದ್ರು, ಹೊರಿ ಯಾರು ತಂದ್ರು, ಡೊಳ್ಳಿಗೇನು ಕಣ್ಣೈತೇನವ್ವ?" ಅಂದಿದ್ದ ದೊಡ್ಡಪ್ಪ.

ಫ್ರಾವ್ ಬ್ರಾಂಟ್ ಮೇಜಿನ ಮೇಲೆ ಬೆರಳಿನಿಂದ ಎರಡು ಸಲ ಒಂದೇ ಜೋರಿಗೆ ತಟ್ಟಿ ನೋಡಿದರು. "ನಮ್ಮ ಸಭಾಂಗಣದಲ್ಲಿ ದಾನ ಕೊಟ್ಟವರ ಹೆಸರನ್ನು ಹಿತ್ತಾಳೆಯ ತಗಡಿನಲ್ಲಿ ಕೆತ್ತಿಸುತ್ತೇವೆ. ಅದು ಕೋಟು ನೇತುಹಾಕುವ ಕೋಣೆಯ ಪಕ್ಕದಲ್ಲಿದೆ. ಅಲ್ಲಿ ಯಾರೂ ನಿಲ್ಲುವುದಿಲ್ಲ" ಎಂದರು.

ಮತದಾನಕ್ಕೆ ಮುಂಚಿನ ಕೊನೆಯ ಕಛೇರಿಯನ್ನು ರೇಡಿಯೋ ನೇರ ಪ್ರಸಾರ ಮಾಡಬೇಕಿತ್ತು. ನಿರೂಪಕ ಹೆರ್ ವಿಂಕ್ಲರ್. ಹೆರ್ ಎಂದರೆ ಶ್ರೀಯುತ. ಇಲ್ಲಿಯ ನಿರೂಪಣೆಯ ಬಗೆಯನ್ನು ಹೇಳಲೇಬೇಕು. ನಮ್ಮ ರೇಡಿಯೋದಲ್ಲಿ ರಾಗ, ತಾಳ, ಪಕ್ಕವಾದ್ಯದವರ ಹೆಸರು ಹೇಳಿದರೆ ಉದ್ಘೋಷಕರ ಕೆಲಸ ಮುಗಿಯುತ್ತದೆ. ಇಲ್ಲಿ ನಿರೂಪಕ ಕೇಳುಗನಿಗೆ ಕಣ್ಣಾಗಬೇಕು. ವಾದ್ಯಗಾರರು ಬಂದರು, ಕೋಲು ಆಡಿಸಿ ಅವರನ್ನು ನಡೆಸುವ ನಿರ್ದೇಶಕರು ಬಾಗಿದರು, ಎಡಗಡೆ ಒಂದು ದೀಪ ಮಂಕಾಗಿದೆ ಎಂದೆಲ್ಲ ಗಾಜಿನ ಗೂಡಿನಲ್ಲಿ ಕೂತು ಪಿಸುದನಿಯಲ್ಲಿ ಹೇಳುತ್ತಾನೆ. ಗಾಜಿನಾಚೆಗೆ ಏನೂ ಕೇಳಿಸದು, ಆದರೂ ಪಿಸುದನಿಯೇ. ಹೆರ್ ವಿಂಕ್ಲರ್ ಅದರಲ್ಲಿ ನಿಪುಣರು. ಕಛೇರಿಯ ನಡುವಿನ ಬಿಡುವಿನಲ್ಲಿ, ಇಲ್ಲಿಯ ಮಾತಿನಲ್ಲಿ ಪೌಝೆ, ಒಂದು ಸಂಭಾಷಣೆ ಇರುತ್ತದೆ. ಆ ಸಲದ್ದು ಊರಿಗೆ ವಾದ್ಯವೃಂದ ಬೇಕೇ ಎಂಬ ವಿಷಯ. ಕಾಫಿ ಕುಡಿಯಲು ಹೊರಬಂದ ಸಭಿಕರಿಗೂ ವಾದ್ಯಗಾರರಿಗೂ ಕೇಳಲಿ ಎಂದು ಪಡಸಾಲೆಯ ಸ್ಪೀಕರಿಗೂ ಅದನ್ನು ಜೋಡಿಸಿದ್ದರು. ಅತಿಥಿಯಾಗಿ ನನ್ನನ್ನು ಕರೆದರು.

"ಐದು ನಿಮಿಷ, ಅಷ್ಟೇ. ನಿಮ್ಮ ಹಳ್ಳಿಯ ಬಗ್ಗೆ ಸರಳವಾಗಿ ಹೇಳಿ. ಕೇಳುಗರಿಗೆ ಹೊರಗಿನ ದೃಷ್ಟಿ ಇಷ್ಟ" ಎಂದರು ವಿಂಕ್ಲರ್.

ನನಗೆ ಮೈಕಿನ ಮುಂದೆ ಕೂರುವುದು ಇಷ್ಟವಿಲ್ಲ. ಹಿಂದೆ ಕೂರುವವಳು ನಾನು. ಆದರೂ ಒಪ್ಪಿದೆ. ಫ್ರಾವ್ ಬ್ರಾಂಟ್‌ಗೆ ಹೇಳಿದಾಗ ಅವರು ಕಮಾನಿಗೆ ರಾಳ ಉಜ್ಜುತ್ತಿದ್ದರು. ತಲೆ ಎತ್ತದೆ, "ನನಗಾಗಿ ಬೇಡಬೇಡಿ" ಎಂದರು.

"ಬೇಡುವುದಿಲ್ಲ" ಎಂದೆ.

ಮೊದಲರ್ಧ ಮುಗಿದು ನಾನು ಗಾಜಿನ ಗೂಡಿನೊಳಗೆ ಕೂತಾಗ ವಿಂಕ್ಲರ್ ನನ್ನನ್ನು ಭಾರತದ ಒಂದು ಪುಟ್ಟ ಹಳ್ಳಿಯಿಂದ ಬಂದವಳು ಎಂದು ಪರಿಚಯಿಸಿದರು. ಹೆಸರನ್ನು ಸರಿಯಾಗಿ ಹೇಳಿದರು, ಊರನ್ನು ಬಿಟ್ಟರು. ಆಮೇಲೆ ಮೃದುವಾಗಿ ಕೇಳಿದರು: "ನಿಮ್ಮ ಹಳ್ಳಿಯವರು ಇಂಥ ದುಬಾರಿ ವಾದ್ಯವೃಂದವಿಲ್ಲದೆಯೂ ಸಂತೋಷವಾಗಿದ್ದಾರೆ. ಅದರಿಂದ ನಾವೇನು ಕಲಿಯಬಹುದು?"

"ಸಂತೋಷವಾಗಿದ್ದಾರೆ ಎಂದು ನಿಮಗೆ ಯಾರು ಹೇಳಿದರು?" ಎಂದೆ.

ಅವರು ನಕ್ಕರು. ಇದು ತಮಾಷೆಯ ಉತ್ತರ ಎಂದುಕೊಂಡಿರಬೇಕು.

"ವಾದ್ಯವೃಂದವಿಲ್ಲ ಎಂದು ಯಾರು ಹೇಳಿದರು?" ಎಂದೆ. "ಇದೆ. ಎಲ್ಲ ಚರ್ಮವಾದ್ಯಗಳು. ಅದನ್ನು ಊರು ಸಾಕುತ್ತದೆ. ಮಳೆ ಸರಿಯಾಗಿ ಬಂದ ವರ್ಷವೂ ಸಾಕುತ್ತದೆ, ಬಾರದ ವರ್ಷವೂ ಸಾಕುತ್ತದೆ."

ಆಮೇಲೆ ಹೆಸರು ಕೂಗುವುದನ್ನು ಹೇಳಿದೆ. ಚೀಲ, ತೊಗಲು, ಸೌದೆಯ ಹೊರೆ, ಒಂದೇ ಜೋರಿನ ಪೆಟ್ಟು. ಜರ್ಮನ್ ಭಾಷೆಯಲ್ಲಿ ಸೌದೆಗೆ ಪದ ತಕ್ಷಣ ಸಿಗಲಿಲ್ಲ, ಒಲೆಯ ಕಟ್ಟಿಗೆ ಎಂದೆ. ವಿಂಕ್ಲರ್ ಗಡಿಯಾರ ನೋಡಿದರು. ನಾನು ನಿಲ್ಲಿಸಲಿಲ್ಲ.

"ಇಲ್ಲಿಯೂ ಊರೇ ಸಾಕುತ್ತಿದೆ. ಬ್ರೆಡ್ಡು ಮಾರುವವರು, ಟ್ರಾಮು ಓಡಿಸುವವರು, ಕಛೇರಿಗೆ ಒಮ್ಮೆಯೂ ಬಾರದವರು ಕೂಡ ತಮ್ಮ ತೆರಿಗೆಯಲ್ಲಿ ಕೊಟ್ಟಿದ್ದಾರೆ. ಆದರೆ ಅವರ ಹೆಸರನ್ನು ಇಲ್ಲಿ ಯಾರೂ ಕೂಗುವುದಿಲ್ಲ. ಹಾಗಾಗಿ ಇದು ಬೇರೆ ಯಾರದೋ ಎಂದುಕೊಂಡಿದ್ದಾರೆ. ಮುಚ್ಚಬೇಕೋ ಬೇಡವೋ ಎಂದು ನನ್ನನ್ನು ಕೇಳಬೇಡಿ. ಬಡತನದ ಪರವಾಗಿ ಸಾಕ್ಷಿ ಹೇಳಲು ನಾನು ಬಂದಿಲ್ಲ. ಮುಚ್ಚುವುದಾದರೆ ನಿಮ್ಮ ಹೆಸರು, ನಿಮ್ಮ ಬೀದಿ ಹೇಳಿ ಮುಚ್ಚಿ. ಉಳಿಸುವುದಾದರೂ ಹಾಗೆಯೇ ಹೇಳಿ ಉಳಿಸಿ."

ವಿಂಕ್ಲರ್ ಧನ್ಯವಾದ ಹೇಳಿ ಹವಾಮಾನಕ್ಕೆ ಹೋದರು. ನಾನು ಗೂಡಿನಿಂದ ಹೊರಬಂದೆ. ಯಂತ್ರದ ಕೋಣೆಗೆ ಹೋಗಿ ಸ್ವರಲಿಪಿ ತೆರೆದು ಕೂತೆ. ತಂತ್ರಜ್ಞ ತನ್ನ ಚಹಾದ ಲೋಟವನ್ನು ನನ್ನ ಕಡೆ ಸರಿಸಿದ.

ಎರಡನೆಯ ಅರ್ಧದ ಕೃತಿಗೆ ನಾಲ್ಕು ಭಾಗ. ಮೊದಲ ಭಾಗ ಮುಗಿಯಿತು. ನಿರ್ದೇಶಕರು ಕೋಲು ಇಳಿಸಿದರು. ಕೆಮ್ಮಿಗಾಗಿ ತಂತ್ರಜ್ಞ ಎಂದಿನಂತೆ ಹಿಡಿಯನ್ನು ತುಸು ಕೆಳಗೆಳೆದ. ಕೆಮ್ಮು ಬಂತು, ಆದರೆ ಪೂರ್ತಿ ಬರಲಿಲ್ಲ. ಅದರ ನಡುವೆ ಬಾಲ್ಕನಿಯಿಂದ ಒಬ್ಬ ಮುದುಕಿಯ ದನಿ ಕೇಳಿತು. ತನ್ನ ಹೆಸರು ಹೇಳಿದಳು, ಗಿರಣಿ ಬೀದಿ ಎಂದಳು, "ನೂಲು ತೆಗೆಯುತ್ತಿದ್ದೆ" ಎಂದಳು. ಅಷ್ಟೇ.

ಸಭೆಯಲ್ಲಿ ಯಾರೋ "ಶ್‌ಶ್" ಎಂದರು. ರೂಹೆಯ ಜನ.

ಆಗ ಹಿಂದಿನ ಸಾಲಿನಿಂದ ಟಿಂಪನಿಯವನು ಒಂದು ಪೆಟ್ಟು ಹಾಕಿದ. ಟಿಂಪನಿ ಎಂದರೆ ತಾಮ್ರದ ಹೊಟ್ಟೆಯ ದೊಡ್ಡ ನಗಾರಿ. ನನ್ನ ಮುಂದಿದ್ದ ಸ್ವರಲಿಪಿಯಲ್ಲಿ ಆ ಪೆಟ್ಟು ಇರಲಿಲ್ಲ. ಸಂಗೀತಕ್ಕಿಂತ ಒಂದು ಉಸಿರು ಮುಂದಿರಬೇಕಾದ ನಾನು ಆ ಹೊತ್ತು ಎಲ್ಲರಿಗಿಂತ ಹಿಂದಿದ್ದೆ.

ಗಾಜಿನ ಗೂಡಿನಿಂದ ವಿಂಕ್ಲರ್ ಕೈಯಿಂದ ಸನ್ನೆ ಮಾಡಿದರು: ಇಳಿಸಿ, ಇಳಿಸಿ. ನೇರ ಪ್ರಸಾರ, ಎಲ್ಲ ಊರುಗಳಿಗೂ ಹೋಗುತ್ತಿದೆ. ತಂತ್ರಜ್ಞ ನನ್ನ ಮುಖ ನೋಡಿದ. ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಎಂದು ಹೇಳುವವಳು ನಾನು.

"ಬಿಡಿ. ಹಾಗೇ ಇರಲಿ" ಎಂದೆ. ಆಮೇಲೆ, "ಸ್ವಲ್ಪ ಏರಿಸಿ" ಎಂದೆ.

ಅವನು ಏರಿಸಿದ.

ಮತ್ತೊಂದು ದನಿ ಬಂತು, ಗಂಡಸಿನದು, ಬ್ರೆಡ್ಡಿನವನು. ಒಂದು ಪೆಟ್ಟು. ಒಬ್ಬಳು ಶಾಲೆಯ ಟೀಚರು. ಒಂದು ಪೆಟ್ಟು. ಒಬ್ಬ ಎದ್ದು ನಿಂತು, "ನನಗೆ ಇದೆಲ್ಲ ಅರ್ಥವಾಗುವುದಿಲ್ಲ, ಹೆಂಡತಿ ಎಳೆದುಕೊಂಡು ಬಂದಿದ್ದಾಳೆ, ಆದರೂ ನನ್ನ ಹೆಸರು ಬರೆದುಕೊಳ್ಳಿ" ಎಂದ. ಸಭೆ ನಕ್ಕಿತು. ಅವನಿಗೂ ಒಂದು ಪೆಟ್ಟು, ಅಷ್ಟೇ ಜೋರು. "ಈಜುಕೊಳವನ್ನೂ ತೆರೆಯಿರಿ, ಆಗ ನನ್ನ ಹೆಸರು ಹೇಳುತ್ತೇನೆ" ಎಂದು ಒಬ್ಬಳು ಕೂಗಿದಳು. ಅವಳಿಗೆ ಪೆಟ್ಟು ಬೀಳಲಿಲ್ಲ. ಅವಳು ಹೆಸರು ಹೇಳಿರಲಿಲ್ಲ. ಕೈಕಟ್ಟಿ ತಲೆ ತಗ್ಗಿಸಿ ನಿಂತಿದ್ದ ನಿರ್ದೇಶಕರು ಕೊನೆಗೆ ಕೋಲು ಎತ್ತಿದರು. ಎರಡನೆಯ ಭಾಗ ಶುರುವಾಯಿತು. ಅದು ವಿಯೋಲಾಗಳಿಂದ ಶುರುವಾಗುವ ಭಾಗ. "ಈಗ ವಿಯೋಲಾ" ಎಂದು ನಾನು ಹೇಳಬೇಕಿತ್ತು. ಹೇಳಿದೆ.

ಆ ಸಂಜೆ ಮನೆಗೆ ನಡೆಯುವಾಗ ಫ್ರಾವ್ ಬ್ರಾಂಟ್ ವಾದ್ಯದ ಪೆಟ್ಟಿಗೆಯನ್ನು ಬೆನ್ನಿಗೆ ಹಾಕಿಕೊಂಡು ಒಂದೇ ಮಾತು ಆಡಿದರು: "ಟಿಂಪನಿಯವನು ಇಪ್ಪತ್ತು ವರ್ಷದಲ್ಲಿ ಇವತ್ತು ಒಂದೇ ದಿನ ಸರಿಯಾದ ಹೊತ್ತಿಗೆ ಹೊಡೆದದ್ದು."

ಆಮೇಲೆ ರೇಡಿಯೋ ನಿಲಯದಲ್ಲಿ ನನ್ನನ್ನು ಕರೆದು ವಿಚಾರಿಸಿದರು. ನಿರೂಪಕರ ಸನ್ನೆಯನ್ನು ಯಾಕೆ ಮೀರಿದಿರಿ ಎಂದು ಕೇಳಿದರು. ಸಭಾಂಗಣದಲ್ಲಿ ಆದದ್ದನ್ನು ಕೇಳುಗನಿಗೆ ತಲುಪಿಸುವುದು ನನಗೆ ಇಲ್ಲಿ ಕಲಿಸಿದ ಕೆಲಸ ಎಂದೆ. ಕ್ಷಮೆ ಕೇಳಲಿಲ್ಲ. ಕೆಲವು ತಿಂಗಳು ನೇರ ಪ್ರಸಾರದಿಂದ ದೂರ ಇಟ್ಟರು. ನನ್ನನ್ನು ಮತ್ತೆ ಕರೆಸಬೇಕೆಂದು ಹೇಳಿದವರು ಹೆರ್ ವಿಂಕ್ಲರ್. ಅದನ್ನೂ ಬರೆಯುವುದು ನ್ಯಾಯ.

ಪಾಲಿಕೆಯ ಮತದಾನ ಹೇಗಾಯಿತು? ಕಥೆಯಲ್ಲಿ ಆಗುವ ಹಾಗೆ ಆಗಲಿಲ್ಲ. ವಾದ್ಯವೃಂದವನ್ನು ಮುಚ್ಚಲಿಲ್ಲ, ಪೂರ್ತಿ ಉಳಿಸಲೂ ಇಲ್ಲ. ಪಕ್ಕದ ಊರಿನದರ ಜೊತೆ ಸೇರಿಸಿ ಎರಡೂ ಊರಿನ ಹೆಸರಿಟ್ಟರು. ಕೆಲವರ ಕುರ್ಚಿ ಹೋಯಿತು, ಫ್ರಾವ್ ಬ್ರಾಂಟ್ ಅವರದು ಉಳಿಯಿತು. ಈಗ ವಾದ್ಯಗಾರರು ವಾರಕ್ಕೆ ಕೆಲವು ದಿನ ವಾದ್ಯಗಳೊಂದಿಗೆ ಬಸ್ಸು ಹತ್ತುತ್ತಾರೆ. "ಎರಡು ಊರಿನ ವಾದ್ಯವೃಂದ ಅಲ್ಲ, ಬಸ್ಸಿನ ವಾದ್ಯವೃಂದ" ಎಂದು ಅವರು ಗೊಣಗುತ್ತಾರೆ. ಆದರೆ ಪಾಲಿಕೆಯ ಸಭೆಯಲ್ಲಿ ಮುಚ್ಚಬೇಕೆಂದು ಮತ ಹಾಕಿದವರು ಒಬ್ಬೊಬ್ಬರಾಗಿ ಎದ್ದು ತಮ್ಮ ಹೆಸರು ಮತ್ತು ಬೀದಿ ಹೇಳಬೇಕಾಯಿತು. ಸಭೆ ನೋಡಲು ಬಂದಿದ್ದ ಊರಿನವರು ಪಟ್ಟು ಹಿಡಿದು ಹೇಳಿಸಿದರು.

ನಾನು ಆ ವರ್ಷ ಒಂದು ಆಬೊ ಕೊಂಡೆ. ಆಬೊ ಎಂದರೆ ಇಡೀ ವರ್ಷದ ಕಛೇರಿಗಳಿಗೆ ಒಂದೇ ಕುರ್ಚಿ ಕಾಯ್ದಿರಿಸುವುದು. ಪ್ರಸಾರದ ದಿನಗಳಲ್ಲಿ ನಾನು ಹಿಂದಿನ ಕೋಣೆಯಲ್ಲಿರುವುದರಿಂದ ನನ್ನ ಕುರ್ಚಿ ಖಾಲಿ ಇರುತ್ತದೆ. ಆ ಹಣ ಸುಮ್ಮನೆ ಹೋಯಿತಲ್ಲ ಎಂದವರಿಗೆ, ಅದು ನನ್ನ ಸೌದೆಯ ಹೊರೆ ಎನ್ನುತ್ತೇನೆ.

ಕಳೆದ ದೀವಳಿಗೆಗೆ ಊರಿಗೆ ಬಂದಿದ್ದೆ. ಎರಡನೆಯ ದಿನವೇ ಶಿಕಾರಿಪುರ ಪೇಟೆಯ ಹಾರ್ನುಗಳಿಗೆ ತಲೆ ನೋಯಿತು. ಮನೆಯಲ್ಲಿ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಮಾತಾಡುವಾಗ ನನ್ನ ಬಾಯಿಗೆ ರೂಹೆ ಎಂಬ ಪದ ಬಂದು ಅಲ್ಲೇ ನಿಂತಿತು. ಅವ್ವ ನೋಡಿ, "ಏನೇ, ಅಷ್ಟು ದೂರದಿಂದ ಬಂದು ಕಿವಿ ಮುಚ್ಕೊಂಡು ಕೂತಿದೀಯ" ಎಂದಳು.

ಸಂಜೆ ಕಟ್ಟೆಯ ಮುಂದೆ ಬೆಂಕಿ ಹಾಕಿದ್ದರು. ಈ ಸಲ ದೊಡ್ಡಪ್ಪನ ಡೊಳ್ಳಿಗೆ ಹೊಸ ತೊಗಲು ನಾನು ಕೊಡಿಸಿದ್ದೆ. ಕೂಗುವವನು ಎದ್ದು ಅಪ್ಪನ ಹೆಸರು ಹಿಡಿದ. ನಾನು ಹೆಂಗಸರ ಗುಂಪಿನಿಂದ ಎದ್ದು ಮುಂದೆ ಬಂದೆ.

"ಅಪ್ಪನ ಹೆಸರು ಬ್ಯಾಡಣ್ಣ. ಕೊಟ್ಟಿದ್ದು ನಾನು. ನನ್ನ ಹೆಸರು ಕೂಗು."

ಅವನು ದೊಡ್ಡಪ್ಪನ ಕಡೆ ನೋಡಿದ. ನಮ್ಮಲ್ಲಿ ಮದುವೆಯಾಗದ ಹೆಣ್ಣುಮಗಳ ಹೆಸರನ್ನು ಕಟ್ಟೆಯ ಮುಂದೆ ಯಾರೂ ಕೂಗಿಲ್ಲ. ದೊಡ್ಡಪ್ಪ ಡೊಳ್ಳಿನ ತೊಗಲನ್ನು ಬೆರಳಿನಿಂದ ತಟ್ಟಿ ನೋಡಿದ. "ತೊಗಲು ಅಕೀದ ಐತಿ. ಅಕೀ ಹೆಸರು ಕೂಗಲೋ" ಎಂದ.

"ಆತು. ಯಾವೂರು ಅಂತ ಕೂಗ್ಲಿ?"

ಹಬ್ಬಕ್ಕೆ ಬಂದಿದ್ದ ಕುಪ್ಪಗಡ್ಡೆಯ ಮಾವ ಹಿಂದಿನಿಂದ ನಕ್ಕ: "ಜರ್ಮನಿ ಅಂತ ಕೂಗ್ರೋ ಮಾರಾಯ. ನಮ್ಮೂರ ನೀರು ಈಗ ಅವಳಿಗೆ ಹಿಡಿಯಲ್ಲ."

ಜನ ನಕ್ಕರು. ಅಲ್ಲಿ ನಾನು ಭಾರತದವಳು, ಇಲ್ಲಿ ಜರ್ಮನಿಯವಳು. ಎರಡೂ ಕಡೆ ನನ್ನನ್ನು ಕರೆಯುವುದು ನಾನು ಆ ಹೊತ್ತು ಇರದ ಊರಿನ ಹೆಸರಿನಿಂದ. ಅದನ್ನು ಒಪ್ಪಿಕೊಳ್ಳಲು ನನಗೆ ಮನಸ್ಸಿರಲಿಲ್ಲ.

"ಎರಡೂರು ಕೂಗು" ಎಂದೆ.

"ಎರಡೂರು ಕೂಗಿದ್ರ ಎರಡು ಪೆಟ್ಟು ಬೀಳ್ತಾವು" ಎಂದ ದೊಡ್ಡಪ್ಪ, ಗುಣಿಯನ್ನು, ಡೊಳ್ಳು ಬಾರಿಸುವ ಕೋಲನ್ನು, ಎತ್ತಿ ಹಿಡಿದು. "ಎರಡು ಪೆಟ್ಟಿಗೆ ಎರಡು ಕೊಡಬೇಕು. ಒಂದು ಕೊಟ್ಟು ಎರಡು ಕೇಳ್ತೀಯೇನು?"

"ಕೊಡ್ತೀನಿ. ಇನ್ನೊಂದು ಡೊಳ್ಳಿನ ತೊಗಲೂ ನಂದೇ."

"ವರ್ಷಾ ವರ್ಷಾ ಬಂದು ಕೊಡ್ತೀಯೇನು?"

"ಬರದಿದ್ದ ವರ್ಷನೂ ಕೊಡ್ತೀನಿ."

ಕೂಗುವವನು ನನ್ನ ಕಿವಿಯ ಹತ್ತಿರ ಬಗ್ಗಿ ಆ ದೂರದ ಊರಿನ ಹೆಸರು ಕೇಳಿಕೊಂಡ. ಎರಡು ಸಲ ಹೇಳಿಸಿಕೊಂಡರೂ ಅದು ಅವನ ನಾಲಿಗೆಗೆ ನಿಲ್ಲಲಿಲ್ಲ. ನಿಂತಷ್ಟನ್ನು ಗಂಟಲು ಬಿರಿಯುವಂತೆ ಕೂಗಿದ. ಅಂಬ್ಲಿಗೊಳವನ್ನೂ ಅದರ ಬೆನ್ನಿಗೇ ಕೂಗಿದ, ಆಮೇಲೆ ನನ್ನ ಹೆಸರನ್ನು. ದೊಡ್ಡಪ್ಪ ಎರಡು ಪೆಟ್ಟು ಹಾಕಿದ.

ಧ್ವನಿ ಅಳೆಯಲು ಕಲಿತ ಕಿವಿ ನನ್ನದು. ಒಂದು ಕೂದಲೆಳೆಯಷ್ಟು ಏರುಪೇರಾದರೂ ಗೊತ್ತಾಗುತ್ತದೆ. ಎರಡೂ ಒಂದೇ ಜೋರಿನವು. ಮೊದಲನೆಯದು ಯಾವ ಊರಿಗೆ, ಎರಡನೆಯದು ಯಾವ ಊರಿಗೆ ಎಂದು ಮಾವ ಕೇಳಿದ. ದೊಡ್ಡಪ್ಪ ಆಗಲೇ ಮುಂದಿನ ಹೆಸರಿಗೆ ಗುಣಿ ಎತ್ತಿದ್ದ.